ಉಮಾಕಾಂತ ತೀಡಿದ ಚಾವಣಿ

ಉಮಾಕಾಂತನ ಕಣ್ಣಿಗೆ ಬಿದ್ದ ತಪ್ಪಿಗೆ ಉಳಿಗಾಲವಿರಲಿಲ್ಲ. ತಪ್ಪು ಮಾಡಿದವರಿಗೂ ಇರಲಿಲ್ಲ. ಬೆಂಗಳೂರಿನ ಆಚೆಗಿದ್ದ ಒಂದು ಕಾರಿನ ಕಾರ್ಖಾನೆಯಲ್ಲಿ, ಬಣ್ಣದ ವಿಭಾಗದಲ್ಲಿ, ಹಲವು ವರ್ಷ ತಾನೇ ಬಣ್ಣ ಹೊಡೆದು ಮೇಲೇರಿದವನು, ಈಗ ತಪಾಸಣೆ ಅವನ ಕೆಲಸವಾಗಿತ್ತು. ಬಣ್ಣ ಒಣಗಿ ಬಂದ ಬಾಗಿಲುಗಳನ್ನು ಸಾಲು ದೀಪಗಳ ಕೆಳಗೆ ನಿಲ್ಲಿಸಿ, ತಲೆ ಓರೆ ಮಾಡಿ ನೋಡುತ್ತಿದ್ದ. ಒಂದು ಧೂಳಿನ ಕಣ, ಒಂದು ಕೂದಲೆಳೆ, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾದ ಅಂಗೈಯಗಲದ ಜಾಗ, ಏನು ಸಿಕ್ಕರೂ ಸಾಕು, ಇಂಗ್ಲಿಷಿನಲ್ಲಿ 'ರಿಜೆಕ್ಟ್' ಎಂದು ಅಚ್ಚಾದ ಕೆಂಪು ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ಕಳಿಸುತ್ತಿದ್ದ. ಅವನು ನೋಡುತ್ತಿರುವಾಗ ಪಕ್ಕದವರು ತುಟಿ ಬಿಚ್ಚುವಂತಿರಲಿಲ್ಲ. "ನಂಗೆ ಹೇಳ್ಕೊಡೋಕ್ಕೆ ಬರಬೇಡಿ" ಎಂಬುದು ಅವನ ಕಾಯಂ ಮಾತು.

ಕಣ್ಣು ಒಳ್ಳೆಯದೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅಂಥ ಕಣ್ಣು ಕೊಟ್ಟ ದೇವರು ಮುಚ್ಚಿಕೊಳ್ಳಲು ರೆಪ್ಪೆಯನ್ನೂ ಕೊಟ್ಟಿದ್ದ. ಈ ಪುಣ್ಯಾತ್ಮ ಅದನ್ನು ಬಳಸಿದ್ದನ್ನು ಕಂಡವರಿಲ್ಲ.

ವರ್ಷಕ್ಕೊಮ್ಮೆ ಕಾರ್ಖಾನೆಯಲ್ಲಿ ಕುಟುಂಬದವರ ದಿನ ಎಂದು ಮಾಡುತ್ತಿದ್ದರು. ಕೆಲಸಗಾರರ ಅಪ್ಪ ಅಮ್ಮ, ಹೆಂಡತಿ ಮಕ್ಕಳು ಬಂದು ಯಂತ್ರಗಳನ್ನು ನೋಡಿ, ಲಾಡು ತಿಂದು ಹೋಗುವುದು ರೂಢಿ. ಅಂಥದೊಂದು ದಿನ ಯೋಗೀಶ ಎಂಬ ಹೊಸ ಹುಡುಗ ತನ್ನ ಅಪ್ಪನನ್ನು ಕರೆತಂದು, ತಾನು ಬಣ್ಣ ಹೊಡೆದ ಬಾಗಿಲನ್ನು ತೋರಿಸುತ್ತ ನಿಂತಿದ್ದ. ಉಮಾಕಾಂತ ಬಂದ, ಬಾಗಿಲು ನೋಡಿದ, ತುಟಿ ಕೊಂಕಿಸಿದ. ಕೆಂಪು ಸ್ಟಿಕ್ಕರನ್ನು ಬಾಗಿಲಿಗೆ ಅಂಟಿಸಲಿಲ್ಲ, ಯೋಗೀಶನ ಅಂಗಿಯ ಎದೆಗೆ ಅಂಟಿಸಿದ. "ಬಾಗಿಲು ಬಿಡ್ರಯ್ಯ, ಪೀಸೇ ರಿಜೆಕ್ಟು" ಎಂದ. ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಗ್ಲಿಷ್ ಬಾರದ ಆ ಅಪ್ಪನೂ ಎಲ್ಲರ ಜೊತೆ ನಕ್ಕ. ಮರುತಿಂಗಳು ಯೋಗೀಶ ಕೆಲಸ ಬಿಟ್ಟ. ಉಮಾಕಾಂತ ಇದನ್ನು ಅಂದೇ ಮರೆತ.

ಮುಂದೆ ಅವನ ಹೆಂಡತಿ ಮೈತ್ರೇಯಿಗೆ ಸ್ಟಾಕ್‌ಹೋಮ್ ಪಕ್ಕದ ಕಿಸ್ಟಾದಲ್ಲಿ ಕೆಲಸ ಸಿಕ್ಕಿತು. ಉಮಾಕಾಂತ ರಾಜೀನಾಮೆ ಕೊಟ್ಟು, ಅವಳ ಪರ್ಮಿಟ್ಟಿನ ಬಾಲ ಹಿಡಿದು ಸ್ವೀಡನ್ನಿಗೆ ಬಂದ. ಸುಂಡ್‌ಬೀಬರ್ಯ್‌ನಲ್ಲಿ ಬಾಡಿಗೆ ಮನೆ. ಅವಳು ಬೆಳಿಗ್ಗೆ ರೈಲು ಹಿಡಿದು ಹೋದರೆ, ಇವನಿಗೆ ತಪಾಸಣೆ ಮಾಡಲು ಮನೆಯೊಂದೇ ಉಳಿಯಿತು. ಮನೆಯಲ್ಲಿ ಸ್ಟಿಕ್ಕರ್ ಇರಲಿಲ್ಲ, ಬಾಯಿ ಇತ್ತು. ದೋಸೆಯ ಅಂಚು, ಒರೆಸಿದ ಗಾಜಿನ ಮೇಲಿನ ಗೆರೆ, ಮಡಿಸಿದ ಟವೆಲ್ಲಿನ ಮೂಲೆ, ಒಂದನ್ನೂ ಬಿಡಲಿಲ್ಲ. ಮೈತ್ರೇಯಿಯ ಆಫೀಸಿನವರು ಊಟಕ್ಕೆ ಬಂದ ದಿನ ಕೇಸರಿಬಾತಿನ ತಟ್ಟೆ ಎತ್ತಿ ಹಿಡಿದು, ಎಲ್ಲೆಲ್ಲಿ ಗಂಟಾಗಿದೆ ಎಂದು ಚಮಚದಲ್ಲಿ ತೋರಿಸಿದ. ಅವರು ತಲೆ ತಗ್ಗಿಸಿ ತಿಂದರು. ಆ ಚಳಿಗಾಲ ಮುಗಿಯುವುದರೊಳಗೆ ಮೈತ್ರೇಯಿ ವಿಚ್ಛೇದನಕ್ಕೆ ಅರ್ಜಿ ಹಾಕಿದಳು.

ಮಕ್ಕಳಿರುವ ದಂಪತಿಗೆ ಇಲ್ಲಿಯ ಕಾನೂನು ಯೋಚಿಸಲು ಆರು ತಿಂಗಳು ಕೊಡುತ್ತದೆ. ಇವರಿಗೆ ಐದು ವರ್ಷದ ಸಂಹಿತಾ ಇದ್ದಳು. ಆ ಆರು ತಿಂಗಳಲ್ಲಿ ಮೈತ್ರೇಯಿ ಮನಸ್ಸು ಬದಲಿಸುವ ಸಂಭವವಿರಲಿಲ್ಲ, ಅದು ಉಮಾಕಾಂತನಿಗೂ ಗೊತ್ತಿತ್ತು. ಅವನ ಚಿಂತೆ ಬೇರೆ. ವಿಚ್ಛೇದನವಾದರೆ ಹೆಂಡತಿಯ ಪರ್ಮಿಟ್ಟಿನ ಆಸರೆ ಹೋಗುತ್ತದೆ. ಅಷ್ಟರಲ್ಲಿ ಸ್ವಂತ ಕೆಲಸ ಹಿಡಿದು, ಅದರ ಮೇಲೆ ಪರ್ಮಿಟ್ ಪಡೆಯದಿದ್ದರೆ ದೇಶ ಬಿಡಬೇಕು. ದೇಶ ಬಿಟ್ಟರೆ ಮಗಳು ಫೋನಿನ ಪರದೆಯೊಳಗಿನ ಮಗಳಾಗುತ್ತಾಳೆ. ಹೆಂಡತಿ ಹೋಗುತ್ತಾಳೆ ಎಂದಾಗ ಅಳದಿದ್ದವನು, ಇದನ್ನು ನೆನೆದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ.

ಕಿಸ್ಟಾದಲ್ಲಿ ಕನ್ನಡದವರು ಸೇರಿ ಮಾಡಿದ ಯುಗಾದಿ ಊಟದಲ್ಲಿ, ಒಬ್ಬಟ್ಟಿನ ಸಾಲಿನಲ್ಲಿ, ಹಿಂದಿನಿಂದ ಯಾರೋ "ಸಾರ್" ಎಂದರು. ತಿರುಗಿದರೆ ಯೋಗೀಶ. ಓದಲೆಂದು ಸ್ವೀಡನ್ನಿಗೆ ಬಂದವನು ಓದು ಮುಗಿಸಿ, ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯ ವೆಸ್ಟೆರಾಸ್‌ನಲ್ಲಿ ನೆಲೆ ನಿಂತಿದ್ದ. ಅಲ್ಲಿ ಹಳೆಯ ಅಮೆರಿಕನ್ ಕಾರುಗಳನ್ನು ಹೊಸದು ಮಾಡುವ ಗ್ಯಾರೇಜಿನಲ್ಲಿ ಕೆಲಸ. ಅಲ್ಲಿಯ ಜನಕ್ಕೆ ಆ ಕಾರುಗಳ ಹುಚ್ಚು. ಬೇಸಿಗೆಯ ಶನಿವಾರ ಸಂಜೆ ಊರ ಬೀದಿಗಳಲ್ಲಿ ಅವುಗಳದ್ದೇ ಮೆರವಣಿಗೆ.

"ಪೇಂಟಿಂಗ್‌ಗೆ ಒಳ್ಳೆ ಕೈ ಹುಡುಕ್ತಿದಾರೆ ಸಾರ್. ನಿಮ್ಮಂಥೋರು ಎಲ್ಲಿ ಸಿಗ್ತಾರೆ? ಬನ್ನಿ, ನಾನು ಮಾತಾಡ್ತೀನಿ" ಎಂದ ಯೋಗೀಶ.

ಉಮಾಕಾಂತನಿಗೆ ಹೋದ ಜೀವ ಬಂದಂತಾಯಿತು. ಇಷ್ಟು ವರ್ಷದ ಮೇಲೂ ಹುಡುಗ ಗೌರವ ಇಟ್ಟುಕೊಂಡಿದ್ದಾನೆ ಎಂದುಕೊಂಡ. ಗೌರವವೋ ಏನೋ, ಯೋಗೀಶ ಹೇಳಿದಂತೆ ನಡೆದುಕೊಂಡ. ವಾರದೊಳಗೆ ಕೆಲಸ ಸಿಕ್ಕಿತು, ಉಮಾಕಾಂತ ವೆಸ್ಟೆರಾಸ್‌ನಲ್ಲೇ ಒಂದು ಬಾಡಿಗೆ ಕೋಣೆ ಹಿಡಿದ. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ, ಅದು ದಾಟಿದರೆ ಕಾಯಂ, ಕಾಯಂ ಆದರೆ ಪರ್ಮಿಟ್ಟಿನ ಅರ್ಜಿಗೆ ಮಾಲೀಕನ ಸಹಿ.

ಮಾಲೀಕ ಲೆನ್ನಾರ್ಟ್ ಎಪ್ಪತ್ತರ ಮುದುಕ. ಬಿಳಿ ಗಡ್ಡ, ಎಣ್ಣೆ ಹಿಡಿದ ಬೆರಳು. ಸ್ವೀಡನ್ನಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆ, ಲೆನ್ನಾರ್ಟ್ ಆಡುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದಲ್ಲ, ಈ ನೆಲದಲ್ಲಿ ದುಡಿಯುವವನು ಈ ನೆಲದ ಭಾಷೆ ಕಲಿಯಲಿ ಎಂಬ ಹಟ. ಉಮಾಕಾಂತನ ಸ್ವೀಡಿಶ್ ಇನ್ನೂ ಅಂಗಡಿಯಲ್ಲಿ ಹಾಲು ಕೇಳುವಷ್ಟೇ ಇತ್ತು. ಹಾಗಾಗಿ ಮಾಲೀಕನ ಮಾತೆಲ್ಲ ಯೋಗೀಶನ ಬಾಯಿಂದ ಕನ್ನಡವಾಗಿ ಬರುತ್ತಿತ್ತು. ಹಳೆಯ ಜೂನಿಯರ್ ಹೇಳಿದ್ದನ್ನು ಕೇಳಿ ಕೆಲಸ ಮಾಡುವುದು ಉಮಾಕಾಂತನಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿತ್ತು. ಅದಕ್ಕೇ ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ, ಹೇಳಿದಷ್ಟಕ್ಕೆ ತಲೆಯಾಡಿಸುತ್ತಿದ್ದ. ಆದರೂ ಕೈಯ ಕೆಲಸ ಮಾತಾಡಿತು. ಅವನು ಹೊಡೆದ ಬಣ್ಣದಲ್ಲಿ ಲೆನ್ನಾರ್ಟ್ ತನ್ನ ಗಡ್ಡ ನೋಡಿಕೊಂಡು, ಮೆಚ್ಚಿ ಹುಬ್ಬು ಏರಿಸುತ್ತಿದ್ದ.

ಜೂನ್ ಕೊನೆಗೆ ಗ್ಯಾರೇಜಿಗೆ ಒಂದು ವಿಚಿತ್ರ ಕಾರು ಬಂತು. ಮುಂದೆ ಹದ್ದಿನ ಕೊಕ್ಕಿನಂಥ ಚೂಪು ಮೂತಿ, ಹಿಂದೆ ಆಳೆತ್ತರಕ್ಕೆ ಎದ್ದು ನಿಂತ ರೆಕ್ಕೆ. ಪ್ಲಿಮತ್ ಸೂಪರ್‌ಬರ್ಡ್, ಸಾವಿರದ ಒಂಬೈನೂರ ಎಪ್ಪತ್ತರ ಮಾದರಿ. ಕಿತ್ತಳೆ ಬಣ್ಣದ ಮೈ, ಚಾವಣಿಗೆ ಮಾತ್ರ ಕಪ್ಪು ರೆಕ್ಸಿನ್ ಹೊದಿಕೆ, ಅದೂ ಹರಿದು ಚಿಂದಿ. ಕಾರಿನ ಒಡೆಯ ಬೋರ್ಯೆ ಎಂಬ ನಿವೃತ್ತ ಲಾರಿ ಚಾಲಕ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಆಸ್ತಿ, ಸಂಸಾರ ಎಲ್ಲ ಅದೇ.

ಜುಲೈ ಬಂದರೆ ಈ ದೇಶಕ್ಕೆ ದೇಶವೇ ಬಾಗಿಲು ಹಾಕಿ ರಜಕ್ಕೆ ಹೋಗುತ್ತದೆ. ಲೆನ್ನಾರ್ಟ್ ತನ್ನ ಕೆರೆಯ ದಂಡೆಯ ಮನೆಗೆ ಹೊರಟ ದಿನ ಇಬ್ಬರನ್ನೂ ಕಾರಿನ ಬಳಿ ನಿಲ್ಲಿಸಿಕೊಂಡು, ಚಾವಣಿಯ ಮೇಲೆ ಕೈಯಿಟ್ಟು, ಸ್ವೀಡಿಶ್‌ನಲ್ಲಿ ಯೋಗೀಶನಿಗೆ ಉದ್ದನೆಯ ಕಥೆ ಹೇಳಿದ.

ಅವನು ಹೇಳಿದ್ದು ಇಷ್ಟು. ಅಮೆರಿಕದಲ್ಲಿ ಕಾರಿನ ಓಟ ನಡೆಸುವವರು ಒಂದು ನಿಯಮ ಮಾಡಿದ್ದರು. ಓಟಕ್ಕೆ ಇಳಿಸುವ ಕಾರು ಬರೀ ಓಟದ ಕಾರಾಗಿರಬಾರದು, ಅದನ್ನು ಅಂಗಡಿಯಲ್ಲಿಟ್ಟು ಜನಕ್ಕೂ ಮಾರಬೇಕು. ಅದೂ ಹತ್ತಿಪ್ಪತ್ತಲ್ಲ, ಸಾವಿರದ ಮೇಲೆ, ಹೊಸ ವರ್ಷ ಹುಟ್ಟುವುದರೊಳಗೆ. ಕಾರ್ಖಾನೆಯವರು ಎದ್ದೆವೋ ಬಿದ್ದೆವೋ ಎಂದು ದುಡಿದರು. ಗಾಳಿ ಸರಾಗ ಹರಿಯಲೆಂದು ಹಿಂದಿನ ಗಾಜಿನ ಸುತ್ತ ತಗಡು ಬದಲಿಸಿ ಬೆಸುಗೆ ಹಾಕಬೇಕಿತ್ತು. ಹಾಕಿದರು. ಆ ಬೆಸುಗೆಯ ಗಂಟುಗಳನ್ನು ತೀಡಿ, ನಯ ಮಾಡಿ, ಬಣ್ಣ ಹೊಡೆಯಲು ಪುರುಸೊತ್ತೆಲ್ಲಿ? ಮೇಲೆ ಕಪ್ಪು ರೆಕ್ಸಿನ್ ಅಂಟಿಸಿ ಮುಚ್ಚಿಬಿಟ್ಟರು. ಕೊಳ್ಳುವವನು ಮೈಗೆ ಇರುವ ಬೆರಳೆಣಿಕೆಯ ಬಣ್ಣಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ, ತಲೆ ಮಾತ್ರ ಕಪ್ಪು. ಅದು ಅಲಂಕಾರವಲ್ಲ, ಗಡಿಬಿಡಿಯ ತೇಪೆ. ಆದರೆ ಅರ್ಧ ಶತಮಾನ ಕಳೆದ ಮೇಲೆ ಆ ಒರಟು ಗಂಟೇ ಕಾರಿನ ಜಾತಕವಾಗಿದೆ. ಮಾಮೂಲಿ ಕಾರಿಗೆ ಮೂತಿ, ರೆಕ್ಕೆ ಸಿಕ್ಕಿಸಿ ಅಸಲಿ ಎಂದು ಮಾರುವವರು ಬಹಳ. ಬಲ್ಲವರು ಮೊದಲು ಕೈಯಾಡಿಸಿ ನೋಡುವುದು ರೆಕ್ಸಿನ್ ಕೆಳಗಿನ ಈ ಬೆಸುಗೆಯನ್ನು.

"ಗಂಟು ಮುಟ್ಟಬಾರದು. ತುಕ್ಕು ತೆಗೆದು ಪ್ರೈಮರ್ ಹೊಡೆದರೆ ಸಾಕು. ರೆಕ್ಸಿನ್ ನಾನು ಬಂದು ಹಾಕುತ್ತೇನೆ. ಇದನ್ನು ನಿಮ್ಮ ಭಾಷೆಯಲ್ಲಿ ಅವನಿಗೆ ಸರಿಯಾಗಿ ತಿಳಿಸು" ಎಂದ ಲೆನ್ನಾರ್ಟ್. ಯೋಗೀಶ ತಲೆಯಾಡಿಸಿದ. ಏನೂ ತಿಳಿಯದ ಉಮಾಕಾಂತನೂ ತಿಳಿದವನಂತೆ ಗಂಭೀರವಾಗಿ ತಲೆಯಾಡಿಸಿದ.

ಲೆನ್ನಾರ್ಟನ ವ್ಯಾನು ಹೋಯಿತು. ಅವನು ಹೇಳಿದ್ದೇನು ಎಂದು ಉಮಾಕಾಂತ ಕೇಳಬಹುದಿತ್ತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದೆಗೆ ಕೈಕಟ್ಟಿಕೊಂಡು, ಕೇಳಲಿ ಎಂದು ಕಾಯುತ್ತ ನಿಂತ ಯೋಗೀಶನ ಮುಖ ನೋಡಿದೊಡನೆ ಅದನ್ನು ನುಂಗಿಕೊಂಡ.

ಮರುದಿನ ಉಮಾಕಾಂತ ರೆಕ್ಸಿನ್ ಸುಲಿದ. ಕೆಳಗಿದ್ದದ್ದು ಕಂಡು ಅವನ ಮೈ ಉರಿಯಿತು. ಹಿಂಗಾಜಿನ ಸುತ್ತ ಮೇಣದ ಬತ್ತಿ ಕರಗಿ ಸುರಿದಂತೆ ಬೆಸುಗೆಯ ಗಂಟುಗಳು, ಮಧ್ಯೆ ಮಧ್ಯೆ ಹಳ್ಳ.

"ಯಾವನಯ್ಯ ಈ ವೆಲ್ಡಿಂಗ್ ಮಾಡಿದ್ದು? ಕಣ್ಣಿಗೆ ಬಟ್ಟೆ ಕಟ್ಕೊಂಡು ಮಾಡಿದಾನಾ?"

"ಸಾರ್, ಆ ಟಾಪ್ ವಿಷ್ಯ..." ಎಂದು ಯೋಗೀಶ ಬಾಯಿ ತೆರೆದ.

"ನಂಗೆ ಹೇಳ್ಕೊಡೋಕ್ಕೆ ಬರಬೇಡಪ್ಪ. ನೀನು ಬಣ್ಣದ ಡಬ್ಬ ಹಿಡಿಯೋಕ್ಕೆ ಮುಂಚೆಯಿಂದ ನಾನು ಇದನ್ನ ನೋಡಿದೀನಿ."

ಯೋಗೀಶ ತೆರೆದ ಬಾಯಿ ಮುಚ್ಚಿದ. ಆಮೇಲೆ ಕಾಫಿ ಬಗ್ಗಿಸಿಕೊಂಡು ಬಂದು, ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಆ ವಾರವೆಲ್ಲ ಅವನು, ಇಲ್ಲಿಯವರು ಫೀಕಾ ಎನ್ನುವ ಕಾಫಿಯ ಬಿಡುವಿನಲ್ಲಿ, ಅದೇ ಕುರ್ಚಿಯಲ್ಲಿ ದಾಲ್ಚಿನ್ನಿ ಬನ್ ತಿನ್ನುತ್ತ ನೋಡಿದ. ಉಮಾಕಾಂತ ಗ್ರೈಂಡರ್ ಹಿಡಿದು ಗಂಟುಗಳನ್ನು ನೆಲಸಮ ಮಾಡಿದ. ಪುಟ್ಟಿ ಮೆತ್ತಿದ. ಎಮರಿ ಕಾಗದದಲ್ಲಿ ತೀಡಿದ, ನೀರು ಹಾಕಿ ತೀಡಿದ, ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ಮತ್ತೆ ತೀಡಿದ.

"ಇನ್ನೂ ನಯದ್ ಪೇಪರ್ ಇದೆ ಸಾರ್, ಕೊಡ್ಲಾ?" ಎಂದ ಯೋಗೀಶ ಒಮ್ಮೆ. ತಾನೇ ಎದ್ದು ತಂದುಕೊಟ್ಟ.

ತೀಡುತ್ತಿದ್ದಷ್ಟು ಹೊತ್ತೂ ಉಮಾಕಾಂತನ ತಲೆಯಲ್ಲಿ ಸಂಹಿತಾ ಇದ್ದಳು. ಈ ಕೆಲಸ ನೋಡಿದರೆ ಲೆನ್ನಾರ್ಟ್ ಪರೀಕ್ಷೆಯ ಅವಧಿ ಮುಗಿಯುವವರೆಗೂ ಕಾಯುವುದಿಲ್ಲ, ಅಂದೇ ಸಹಿ ಹಾಕುತ್ತಾನೆ ಎಂದು ಅವನ ಎಣಿಕೆ. ಇಲ್ಲೊಂದು ಸಣ್ಣ ಮನೆ, ವಾರ ಬಿಟ್ಟು ವಾರ ಮಗಳು, ಅವಳಿಗೊಂದು ಸೈಕಲ್ಲು. ತೀಡಿ ಮುಗಿಸಿ, ಮೈಯ ಕಿತ್ತಳೆ ಬಣ್ಣವನ್ನೇ ಚಾವಣಿಗೂ ಹೊಡೆದು, ಕನ್ನಡಿಯಂತೆ ಹೊಳೆಯುವ ಇಡೀ ಕಾರಿನ ಫೋಟೋ ತೆಗೆದು ಮೈತ್ರೇಯಿಗೆ ಕಳಿಸಿದ. ಭಾನುವಾರ ಸುಂಡ್‌ಬೀಬರ್ಯ್‌ಗೆ ಹೋಗಿ, "ಚಿನ್ನು, ಅಪ್ಪ ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ" ಎಂದು ಮಗಳ ಕೈಮೇಲೆ ಕೈಯಿಟ್ಟು ಹೇಳಿದ.

ಆಗಸ್ಟಿನಲ್ಲಿ ಲೆನ್ನಾರ್ಟ್ ಬಿಸಿಲಿಗೆ ಕೆಂಪಾಗಿ ಬಂದ. ಉಮಾಕಾಂತ ಮದುವಣಗಿತ್ತಿಯ ಸೆರಗು ಸರಿಸುವಂತೆ ಕಾರಿನ ಮೇಲಿನ ಬಟ್ಟೆ ಸರಿಸಿದ. ಲೆನ್ನಾರ್ಟ್ ನೋಡಿದ. ಹಿಂಗಾಜಿನ ಪಕ್ಕ ಅಂಗೈಯಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದ. ಕೈ ಎಲ್ಲಿಯೂ ತಡೆಯಲಿಲ್ಲ. ಹೊರಗೆ ಹೋಗಿ ತನ್ನ ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ಉಮಾಕಾಂತ ಮೆಚ್ಚುಗೆಗೆ ಮಾತು ಹೊರಡಲಿಲ್ಲ ಎಂದೇ ತಿಳಿದು ನಗುತ್ತ ನಿಂತಿದ್ದ.

ಮಧ್ಯಾಹ್ನ ಬೋರ್ಯೆ ಬಂದ. ಲೆನ್ನಾರ್ಟ್ ಅವನನ್ನು ಒಳಗೆ ಕರೆತಂದು, ಮೆಲ್ಲಗೆ ಏನೋ ಹೇಳಿದ. ಬೋರ್ಯೆ ಚಾವಣಿಯ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಇನ್ನು ಯಾವ ಬಲ್ಲವನೂ ಅವನ ಕಾರನ್ನು ಅಸಲಿ ಎಂದು ಆಣೆ ಮಾಡಿ ಹೇಳುವಂತಿರಲಿಲ್ಲ. ಬೋರ್ಯೆ ಉಮಾಕಾಂತನ ಕಡೆ ತಿರುಗಿ, ಒದ್ದೆ ಕಣ್ಣಿನಲ್ಲೇ, ಚೆನ್ನಾಗಿದೆ ಎಂದು ಸ್ವೀಡಿಶ್‌ನಲ್ಲಿ ಹೇಳಿ ಹೋದ. ಆ ಮಾತು ಉಮಾಕಾಂತನಿಗೆ ಅರ್ಥವಾಯಿತು. ಕಣ್ಣೀರು ಅರ್ಥವಾಗಲಿಲ್ಲ.

ಲೆನ್ನಾರ್ಟ್ ಯೋಗೀಶನನ್ನು ಕೇಳಿದ, ನೀನು ಇವನಿಗೆ ಹೇಳಲಿಲ್ಲವೇ ಎಂದು.

"ಹೇಳಿದೆ. ಅವರು ಯಾರ ಮಾತೂ ಕೇಳುವುದಿಲ್ಲ" ಎಂದ ಯೋಗೀಶ ಸ್ವೀಡಿಶ್‌ನಲ್ಲಿ.

ಆಗ ಲೆನ್ನಾರ್ಟ್ ಉಮಾಕಾಂತನ ಎದುರು ಬಂದು ನಿಂತು, ಆ ಗ್ಯಾರೇಜಿನಲ್ಲಿ ಮೊಟ್ಟಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದ. ಓಟದ ನಿಯಮ, ಹೊಸ ವರ್ಷದ ಗಡುವು, ಬೆಸುಗೆ, ರೆಕ್ಸಿನ್, ಎಲ್ಲವನ್ನೂ ನಿಧಾನವಾಗಿ, ತಪ್ಪಿಲ್ಲದೆ, ಮಗುವಿಗೂ ಅರ್ಥವಾಗುವಂತೆ ಹೇಳಿದ. ಕೊನೆಗೆ, ಇಷ್ಟು ಚೆಂದದ ಕೆಲಸ ನಾನು ನನ್ನ ಜನ್ಮದಲ್ಲಿ ನೋಡಿಲ್ಲ, ನಾಳೆಯಿಂದ ಬರಬೇಡ ಎಂದ. ಪರೀಕ್ಷೆಯ ಅವಧಿಯವನನ್ನು ತೆಗೆಯಲು ಕಾರಣ ಕೊಡಬೇಕಾಗಿಲ್ಲ. ಅವನು ಕಾರಣವನ್ನೂ ಕೊಟ್ಟಿದ್ದ.

ಬಣ್ಣದ ಡಬ್ಬಗಳ ಕೋಣೆಯಲ್ಲಿ ಉಮಾಕಾಂತ ಯೋಗೀಶನ ತೋಳು ಹಿಡಿದ.

"ನೀನು ಹೇಳ್ಲೇ ಇಲ್ಲ."

"ಬಾಯಿ ತೆಗ್ದೆ ಸಾರ್. ನೀವು ಮುಚ್ಚಿಸಿದ್ರಿ."

"ಇನ್ನೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ನನ್ನ ಮಗಳು ಇಲ್ಲಿದಾಳೆ. ಕೆಲ್ಸ ಇಲ್ದೆ ನಾನಿಲ್ಲಿ ಇರೋಕ್ಕಾಗಲ್ಲ. ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸಾರ್."

"ಗೊತ್ತಿದ್ದೂನಾ?"

ಯೋಗೀಶ ತೋಳು ಬಿಡಿಸಿಕೊಂಡ. "ನಮ್ಮಪ್ಪ ಆ ಸ್ಟಿಕ್ಕರ್‌ನ ಬಹುಮಾನ ಅಂದ್ಕೊಂಡ್ರು ಸಾರ್. ದೊಡ್ ಸಾಹೇಬ್ರು ಎಲ್ರ ಮುಂದೆ ಎದೆಗೆ ಅಂಟಿಸಿದ್ರು ಅಂತ. ಮನೆಗೆ ತಗೊಂಡ್ ಹೋಗಿ ದೇವರ ಫೋಟೋ ಪಕ್ಕ ಅಂಟಿಸಿದ್ರು. ಸಾಯೋವರ್ಗೂ ಬಂದೋರ್ಗೆಲ್ಲ ತೋರಿಸ್ತಿದ್ರು. ಓದು ಬಲ್ಲೋರು ನೋಡಿ ನಗ್ತಾ ಹೋಗೋರು. ನಾನು ಪಕ್ಕದಲ್ಲಿ ನಿಂತ್ಕೊಂಡಿರ್ತಿದ್ದೆ."

ಉಮಾಕಾಂತ ಕಣ್ಣು ಪಿಳುಕಿಸಿದ. "ಯಾವ ಸ್ಟಿಕ್ಕರು?" ಎಂದ.

ನಾಟಕವಲ್ಲ, ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಯೋಗೀಶ ಅವನನ್ನೇ ನೋಡಿದ. ಸಾಲ ತೀರಿಸಿಕೊಂಡವನ ನೆಮ್ಮದಿ ಅವನ ಮುಖದಲ್ಲಿ ಹುಟ್ಟುವ ಮೊದಲೇ ಸತ್ತಿತ್ತು. ಹೊಸ ರೆಕ್ಸಿನ್ ಸುರುಳಿ ಹೆಗಲಿಗೇರಿಸಿಕೊಂಡು ಕಾರಿನ ಕಡೆ ನಡೆದ.

ಶರತ್ಕಾಲದಲ್ಲಿ ವಿಚ್ಛೇದನವಾಯಿತು. ಬೇರೆ ಗ್ಯಾರೇಜುಗಳನ್ನು ಉಮಾಕಾಂತ ಕೇಳದೆ ಬಿಡಲಿಲ್ಲ. ಆದರೆ ಆ ಕಾರುಗಳ ಲೋಕ ಸಣ್ಣದು, ಚಾವಣಿಯ ಕಥೆ ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂತಿತ್ತು. ಇವನ ಹೆಸರು ಹೇಳಿದರೆ ನಗುತ್ತಿದ್ದರು.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಮಗಳನ್ನು ನೋಡಲು ಸುಂಡ್‌ಬೀಬರ್ಯ್‌ಗೆ ಹೋದ. ಮೈತ್ರೇಯಿ ಚಹಾ ಕೊಟ್ಟು ಅಡುಗೆಮನೆಗೆ ಹೋದಳು. ಸಂಹಿತಾ ಓಡಿಬಂದು ಒಂದು ಕಾಗದ ಅವನ ತೊಡೆಯ ಮೇಲಿಟ್ಟಳು. ಡಾಗಿಸ್‌ನಲ್ಲಿ, ಎಂದರೆ ಅವಳ ಶಿಶುವಿಹಾರದಲ್ಲಿ, ಕೂತು ಅಪ್ಪನಿಗೆಂದು ಬರೆದ ಚಿತ್ರ. ಕಿತ್ತಳೆ ಬಣ್ಣದ ಕಾರು, ಹಿಂದೆ ದೊಡ್ಡ ರೆಕ್ಕೆ, ಒಳಗೆ ಇಬ್ಬರು, ಒಬ್ಬರಿಗೆ ಮೀಸೆ. ಅಪ್ಪ ಫೋಟೋದಲ್ಲಿ ಕಳಿಸಿದ್ದ ಕಾರನ್ನು ಅವಳು ನೆನಪಿಟ್ಟುಕೊಂಡಿದ್ದಳು.

ಉಮಾಕಾಂತ ಮಗಳನ್ನು ಎಳೆದು ಅಪ್ಪಿಕೊಳ್ಳಬೇಕು ಎಂದು ಕೈಯನ್ನೂ ಎತ್ತಿದ. ಅಷ್ಟರಲ್ಲಿ ಅವನ ಹಾಳು ಕಣ್ಣು ಕಾರಿನ ಚಾವಣಿಯ ಮೇಲೆ ಬಿತ್ತು. ಅಪ್ಪಲು ಎತ್ತಿದ ಕೈಯ ಬೆರಳು ಕಾಗದದ ಮೇಲೆ ಇಳಿಯಿತು.

"ಚೆನ್ನಾಗಿದೆ ಚಿನ್ನು. ಇಲ್ಲಿ ಮಾತ್ರ ಬಣ್ಣ ಗೆರೆಯಿಂದ ಆಚೆ ಹೋಗಿದೆ ನೋಡು."

ಹೇಳಿದ ಮೇಲೆ ತಾನು ಹೇಳಿದ್ದು ಅವನ ಕಿವಿಗೆ ಬಿತ್ತು. ಸಂಹಿತಾ ಅಳಲಿಲ್ಲ, ಮುಖ ಸಣ್ಣದು ಮಾಡಿಕೊಳ್ಳಲೂ ಇಲ್ಲ. ಕಾಗದ ಹಿಂದಕ್ಕೆ ತೆಗೆದುಕೊಂಡು, ಬಣ್ಣದ ಡಬ್ಬಿಯಿಂದ ಕಪ್ಪು ಕಡ್ಡಿ ಆರಿಸಿ, ನಾಲಿಗೆ ಕಚ್ಚಿಕೊಂಡು, ತಪ್ಪಾದ ಕಡೆಯೆಲ್ಲ ಮುಚ್ಚುವವರೆಗೂ ಚಾವಣಿಯ ಮೇಲೆ ಗಸಗಸ ಉಜ್ಜಿದಳು. ಆಮೇಲೆ ಕಾಗದ ಎತ್ತಿ ಹಿಡಿದು, ಈಗ ಸರಿಯಾಯಿತಾ ಎಂದು ಸ್ವೀಡಿಶ್‌ನಲ್ಲಿ ಕೇಳಿದಳು.

ಉಮಾಕಾಂತ ಮುಖ ಆಚೆ ತಿರುಗಿಸಿದ. ಅಲ್ಲಿ ಫ್ರಿಜ್ಜಿನ ಬಾಗಿಲ ತುಂಬ ಅವಳ ಹಳೆಯ ಚಿತ್ರಗಳಿದ್ದವು, ಮನೆ, ಹೂವು, ನಾಯಿ, ಅಮ್ಮ. ಎಲ್ಲದರಲ್ಲೂ ಎಲ್ಲಾದರೊಂದು ಕಡೆ ಅಂಥದೇ ಕಪ್ಪು ಮಚ್ಚೆ. ಇಷ್ಟು ದಿನ ಅವನು ಅವುಗಳನ್ನು ಮೋಡವೋ ನೆರಳೋ ಎಂದುಕೊಂಡಿದ್ದ.

"ನಿನ್ನ ಟ್ರೇನ್‌ಗೆ ಹೊತ್ತಾಯ್ತು" ಎಂದು ಮೈತ್ರೇಯಿ ಅವನ ಕೋಟು ತಂದುಕೊಟ್ಟಳು.